ಮೂರು ಪಂದ್ಯ ಆಡಿದವರು ದೇಶ ಬದಲಿಸಿದರು, ಹದಿಮೂರು ನಿಮಿಷ ಆಡಿದವರು ಸಿಕ್ಕಿಬಿದ್ದರು: ಇದು ಯಾವ ನಿಯಮ?

ಎಡಬದಿ (ಪ್ರಶ್ನೆ)

ಯಾರು ಯಾವ ರಾಷ್ಟ್ರೀಯ ಫುಟ್‌ಬಾಲ್ ತಂಡಕ್ಕೆ ಆಡಲು ಅರ್ಹರು ಎಂಬ ಬಗ್ಗೆ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಮಾಡಿರುವ ನಿಯಮಗಳನ್ನು ಬಲ್ಲವರು ದಯವಿಟ್ಟು ಈ ಗೊಂದಲವನ್ನು ಬಿಡಿಸಬೇಕು.

ಡಿಕ್ಲನ್ ರೈಸ್ 2018ರಲ್ಲಿ ಐರ್ಲೆಂಡ್ ಗಣರಾಜ್ಯದ ಹಿರಿಯರ (ಸೀನಿಯರ್) ತಂಡಕ್ಕೆ ಮೂರು ಪಂದ್ಯಗಳನ್ನು ಆಡಿದರು. ಅದಕ್ಕೂ ಮೊದಲು ಅದೇ ದೇಶದ ಕಿರಿಯರ ತಂಡಗಳಲ್ಲಿ ವರ್ಷಗಟ್ಟಲೆ ಆಡಿದ್ದರು. ಹೀಗಿದ್ದೂ 2019ರ ಮಾರ್ಚ್‌ನಲ್ಲಿ ಅವರು ಇಂಗ್ಲೆಂಡ್ ತಂಡದಲ್ಲಿ ಜೆಕ್ ಗಣರಾಜ್ಯದ ವಿರುದ್ಧ ಕಣಕ್ಕಿಳಿದರು, ಯಾರೂ ತಡೆಯಲಿಲ್ಲ. ಮುನಿರ್ ಎಲ್ ಹದ್ದಾದಿ ಅವರ ಕಥೆ ಇದಕ್ಕೆ ತದ್ವಿರುದ್ಧ. 2014ರ ಸೆಪ್ಟೆಂಬರ್‌ನಲ್ಲಿ ಮ್ಯಾಸಿಡೋನಿಯಾ ವಿರುದ್ಧದ ಪಂದ್ಯದ 77ನೇ ನಿಮಿಷದಲ್ಲಿ ಸ್ಪೇನ್ ಪರ ಬದಲಿ ಆಟಗಾರನಾಗಿ ಮೈದಾನಕ್ಕೆ ಬಂದ ಅವರು, ಆ ಬಳಿಕ ಸ್ಪೇನ್‌ನ ಹಿರಿಯರ ತಂಡದಲ್ಲಿ ಮತ್ತೆ ಎಂದೂ ಆಡಲಿಲ್ಲ. ತಂದೆಯ ನಾಡಾದ ಮೊರಾಕೊ ಪರ 2018ರ ವಿಶ್ವಕಪ್‌ನಲ್ಲಿ ಆಡಲು ಅವರು ಬಯಸಿದಾಗ ಫಿಫಾ ಒಪ್ಪಲಿಲ್ಲ. ಲುಸಾನ್‌ನ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯೂ ಮೇಲ್ಮನವಿಯನ್ನು ತಳ್ಳಿಹಾಕಿತು. ಅದೇ ಮುನಿರ್ 2021ರ ಮಾರ್ಚ್‌ನಲ್ಲಿ ಮೊರಾಕೊ ಪರ ಆಡಿದ್ದಾರೆ. ಈ ನಡುವೆ ಬದಲಾದದ್ದಾದರೂ ಏನು?

ಇದರ ಜೊತೆಗೆ ಇನ್ನೂ ಒಂದು ಸಂಶಯವಿದೆ. ಒಂದು ದೇಶದ ಪಾಸ್‌ಪೋರ್ಟ್ ಕೈಯಲ್ಲಿದ್ದರೆ ಆ ದೇಶದ ತಂಡಕ್ಕೆ ಆಡಲು ಅಷ್ಟು ಸಾಕೇ? ಸಾಕೆಂದಾದರೆ, ಹಣವಿರುವ ಯಾವ ದೇಶವೂ ಹನ್ನೊಂದು ಬ್ರೆಜಿಲ್ ಆಟಗಾರರಿಗೆ ಪೌರತ್ವ ಕೊಟ್ಟು ವಿಶ್ವಕಪ್‌ಗೆ ಬರಬಹುದಲ್ಲವೇ? ಹಾಗೆ ಆಗಿಲ್ಲವೆಂದರೆ ಎಲ್ಲೋ ಒಂದು ತಡೆ ಇರಲೇಬೇಕು. ಅದು ಏನೆಂದು ತಿಳಿಯಲು ಬಯಸುತ್ತೇನೆ.

ಆಫ್‌ಸೈಡ್ (ಉತ್ತರ)

ತಾವು ಕೇಳಿರುವುದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆಟಗಾರ ಒಂದು ದೇಶಕ್ಕೆ ಆಡಲು ಅರ್ಹನೇ ಎಂಬುದು ಒಂದು ಪ್ರಶ್ನೆ. ಈಗಾಗಲೇ ಒಂದು ದೇಶಕ್ಕೆ ಆಡಿದವನು ಇನ್ನೊಂದಕ್ಕೆ ಹೋಗಬಹುದೇ ಎಂಬುದು ಇನ್ನೊಂದು. ಪಾಸ್‌ಪೋರ್ಟ್‌ನ ವಿಚಾರ ಮೊದಲನೆಯದಕ್ಕೆ ಸೇರಿದ್ದು, ರೈಸ್ ಮತ್ತು ಮುನಿರ್ ಅವರ ವಿಚಾರ ಎರಡನೆಯದಕ್ಕೆ. ಪತ್ರಿಕೆಗಳಲ್ಲಿ ಇವೆರಡನ್ನೂ ಬೆರೆಸಿ ಬರೆಯುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ ಎಂಬುದು ನನ್ನ ಅನಿಸಿಕೆ.

ಮೊದಲು ಪಾಸ್‌ಪೋರ್ಟ್. ಪೌರತ್ವ ಕೊಡುವುದು ಆಯಾ ಸರ್ಕಾರದ ಕೆಲಸ. ಅದರಲ್ಲಿ ಫಿಫಾ ಕೈಹಾಕುವುದಿಲ್ಲ, ಹಾಕಲೂ ಬಾರದು. ಆದರೆ ಪೌರತ್ವವನ್ನು ಹೊಸದಾಗಿ ಪಡೆದ ಆಟಗಾರನಿಂದ ಅದು ಇನ್ನೊಂದು ನಂಟಿನ ಪುರಾವೆಯನ್ನು ಕೇಳುತ್ತದೆ. ಆತ ಆ ನೆಲದಲ್ಲಿ ಹುಟ್ಟಿರಬೇಕು, ಇಲ್ಲವೇ ಆತನನ್ನು ಹೆತ್ತ ತಾಯಿ ಅಥವಾ ತಂದೆ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಜ್ಜ ಅಥವಾ ಅಜ್ಜಿ ಅಲ್ಲಿ ಹುಟ್ಟಿರಬೇಕು. ಇವು ಯಾವುವೂ ಇಲ್ಲದಿದ್ದರೆ ಆತ ಅಲ್ಲಿ ನೆಲೆಸಿರಬೇಕು: ಹತ್ತು ವರ್ಷ ತುಂಬುವ ಮೊದಲೇ ಬಂದವನಾದರೆ ಮೂರು ವರ್ಷ, ಅದಾದ ಮೇಲೆ ಬಂದವನಾದರೆ ಐದು ವರ್ಷ. ಹತ್ತರಿಂದ ಹದಿನೆಂಟರ ನಡುವಿನ ವಯಸ್ಸಿನಲ್ಲಿ ಬಂದ ಹುಡುಗರ ವಿಷಯದಲ್ಲಿ, ಅವರು ಆ ದೇಶಕ್ಕೆ ಬಂದದ್ದು ಅಲ್ಲಿನ ರಾಷ್ಟ್ರೀಯ ತಂಡಕ್ಕೆ ಆಡುವ ಉದ್ದೇಶದಿಂದಲ್ಲ ಎಂಬುದನ್ನೂ ತೋರಿಸಬೇಕಾಗುತ್ತದೆ.

ತಾವು ಊಹಿಸಿದ ಹನ್ನೊಂದು ಬ್ರೆಜಿಲ್ ಆಟಗಾರರ ತಂಡ ಬರೀ ಕಲ್ಪನೆಯಲ್ಲ. 2004ರಲ್ಲಿ ಕತಾರ್, ಜರ್ಮನಿಯ ಲೀಗ್ ಆದ ಬುಂಡೆಸ್‌ಲಿಗಾದಲ್ಲಿ ಆಡುತ್ತಿದ್ದ ಐಲ್ಟನ್, ಡೆಡೆ ಮೊದಲಾದ ಬ್ರೆಜಿಲಿಯನ್ನರಿಗೆ ಪೌರತ್ವ ಕೊಟ್ಟು ತನ್ನ ತಂಡಕ್ಕೆ ಸೇರಿಸಿಕೊಳ್ಳಲು ಹೊರಟಿತ್ತು. ಅವರು ಕತಾರ್‌ನಲ್ಲಿ ಒಂದು ದಿನವೂ ಬಾಳಿದವರಲ್ಲ. ಫಿಫಾದ ತುರ್ತು ಸಮಿತಿ ಅದೇ ಮಾರ್ಚ್‌ನಲ್ಲಿ ಸೇರಿ, ದೇಶದೊಂದಿಗೆ ಸ್ಪಷ್ಟ ನಂಟು ಇಲ್ಲದವರು ಆಡುವಂತಿಲ್ಲ ಎಂದು ತೀರ್ಮಾನಿಸಿತು. ಆಗ ನೆಲೆಸುವ ಅವಧಿಯನ್ನು ಎರಡು ವರ್ಷಕ್ಕೆ ನಿಗದಿ ಮಾಡಲಾಗಿತ್ತು. 2008ರಲ್ಲಿ ಅದನ್ನು ಐದಕ್ಕೆ ಏರಿಸಿದರು. ಐದು ವರ್ಷವೆಂದರೆ ವೃತ್ತಿಪರ ಆಟಗಾರನ ಬಾಳಿನಲ್ಲಿ ಸಣ್ಣ ಕಾಲವಲ್ಲ. ಹಾಗೆಂದು ಆ ಬಾಗಿಲು ಪೂರ್ತಿ ಮುಚ್ಚಿಲ್ಲ. ಚೀನಾದೊಂದಿಗೆ ರಕ್ತಸಂಬಂಧವೇ ಇಲ್ಲದ ಬ್ರೆಜಿಲ್‌ನ ಎಲ್ಕೆಸನ್ 2013ರಲ್ಲಿ ಗ್ವಾಂಗ್‌ಝೌ ಕ್ಲಬ್ ಸೇರಿ, ಚೀನಾದಲ್ಲೇ ಆಡುತ್ತ ಉಳಿದು, 2019ರಲ್ಲಿ ಬ್ರೆಜಿಲ್‌ನ ಪೌರತ್ವವನ್ನು ಬಿಟ್ಟುಕೊಟ್ಟು ಚೀನಾದ ತಂಡಕ್ಕೆ ಆಡಿದರು.

ಈಗ ಎರಡನೆಯ ಪ್ರಶ್ನೆ. ಇಲ್ಲಿ ಫಿಫಾ ಎಣಿಸುವುದು ಆಟಗಾರ ಎಷ್ಟು ಹೊತ್ತು ಆಡಿದ ಎಂಬುದನ್ನಲ್ಲ, ಆಡಿದ್ದು ಎಂಥ ಪಂದ್ಯ ಎಂಬುದನ್ನು. ವಿಶ್ವಕಪ್, ಖಂಡಮಟ್ಟದ ಕಪ್, ಅವುಗಳ ಅರ್ಹತಾ ಸುತ್ತು, ನೇಷನ್ಸ್ ಲೀಗ್ ಇವೆಲ್ಲ ಅಧಿಕೃತ ಸ್ಪರ್ಧೆಗಳು. ಸೌಹಾರ್ದ ಪಂದ್ಯ ಅಧಿಕೃತ ಸ್ಪರ್ಧೆಯಲ್ಲ. ರೈಸ್ ಐರ್ಲೆಂಡ್‌ಗೆ ಆಡಿದ ಹಿರಿಯರ ಪಂದ್ಯಗಳು ಟರ್ಕಿ, ಫ್ರಾನ್ಸ್ ಮತ್ತು ಅಮೆರಿಕದ ವಿರುದ್ಧ ನಡೆದ ಸೌಹಾರ್ದ ಪಂದ್ಯಗಳಾಗಿದ್ದವು. ಮುನಿರ್ ಆಡಿದ್ದು ಯುರೋಪ್ ಖಂಡದ ಕಪ್ ಆದ ಯೂರೋ 2016ರ ಅರ್ಹತಾ ಪಂದ್ಯ. ಅಂದಿನ ನಿಯಮದ ಪ್ರಕಾರ ಹಿರಿಯರ ತಂಡದ ಪರ ಒಂದೇ ಒಂದು ಅಧಿಕೃತ ಪಂದ್ಯದಲ್ಲಿ, ಪೂರ್ತಿಯಾಗಿ ಇಲ್ಲವೇ ಭಾಗಶಃ, ಕಾಣಿಸಿಕೊಂಡರೂ ಆಟಗಾರ ಆ ದೇಶಕ್ಕೆ ಕಟ್ಟುಬಿದ್ದಂತೆಯೇ. ಹದಿಮೂರು ನಿಮಿಷವೂ ಒಂದೇ, ತೊಂಬತ್ತು ನಿಮಿಷವೂ ಒಂದೇ. ಇನ್ನು ರೈಸ್ ಕಿರಿಯರ ತಂಡಗಳಲ್ಲಿ ಆಡಿದ್ದರಲ್ಲ, ಅದರ ಗತಿ ಏನು ಎಂದು ತಾವು ಕೇಳಬಹುದು. ಲಂಡನ್‌ನಲ್ಲಿ ಹುಟ್ಟಿದ ಅವರಿಗೆ ಐರ್ಲೆಂಡ್ ಪರ ಆಡುವ ಮೊದಲೇ ಬ್ರಿಟಿಷ್ ಪೌರತ್ವ ಇತ್ತು. ಹಾಗೆ ಎರಡೂ ಪೌರತ್ವ ಮೊದಲೇ ಇದ್ದವರು, ಕಿರಿಯರ ಅಧಿಕೃತ ಪಂದ್ಯಗಳನ್ನು ಆಡಿದ ಮೇಲೂ ಫಿಫಾಗೆ ಅರ್ಜಿ ಹಾಕಿ ದೇಶ ಬದಲಿಸಬಹುದು. ಜಮಾಲ್ ಮುಸಿಯಾಲ ಇಂಗ್ಲೆಂಡ್‌ನ 21 ವರ್ಷದೊಳಗಿನವರ ತಂಡದಿಂದ ಜರ್ಮನಿಗೆ, ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಫೋಲರಿನ್ ಬಲೊಗನ್ ಅದೇ ಇಂಗ್ಲೆಂಡ್ ತಂಡದಿಂದ ಅಮೆರಿಕಕ್ಕೆ ಹೋದದ್ದು ಇದೇ ದಾರಿಯಲ್ಲಿ.

ಮುನಿರ್ ಅವರ ಪಾಲಿಗೆ ಬದಲಾದದ್ದು 2020ರ ಸೆಪ್ಟೆಂಬರ್ 18ರಂದು. ಅಂದು ಆನ್‌ಲೈನ್‌ನಲ್ಲಿ ನಡೆದ ಫಿಫಾ ಮಹಾಸಭೆ ಹಿರಿಯರ ಅಧಿಕೃತ ಪಂದ್ಯ ಆಡಿದವರಿಗೂ ಒಂದು ಕಿಂಡಿಯನ್ನು ತೆರೆಯಿತು. ಆದರೆ ಅದರಲ್ಲಿ ತೂರಿಕೊಳ್ಳಬೇಕಾದರೆ ಷರತ್ತುಗಳೆಲ್ಲವೂ ಒಟ್ಟಿಗೆ ಕೂಡಿಬರಬೇಕು. ಹಳೆಯ ದೇಶಕ್ಕೆ ಮೊದಲ ಅಧಿಕೃತ ಪಂದ್ಯ ಆಡುವ ಹೊತ್ತಿಗೆ ಹೊಸ ದೇಶದ ಪೌರತ್ವ ಇದ್ದಿರಬೇಕು. ಕೊನೆಯ ಪಂದ್ಯ ಆಡಿದಾಗ 21 ವರ್ಷ ತುಂಬಿರಬಾರದು. ಸೌಹಾರ್ದ ಪಂದ್ಯಗಳನ್ನೂ ಸೇರಿಸಿ ಹಿರಿಯರ ಪಂದ್ಯಗಳು ಮೂರಕ್ಕಿಂತ ಹೆಚ್ಚಾಗಿರಬಾರದು. ಕೊನೆಯ ಹಿರಿಯರ ಪಂದ್ಯ ಆಡಿ ಮೂರು ವರ್ಷವಾದರೂ ಕಳೆದಿರಬೇಕು. ವಿಶ್ವಕಪ್ ಅಥವಾ ಖಂಡಮಟ್ಟದ ಕಪ್‌ನ ಪ್ರಧಾನ ಸುತ್ತಿನಲ್ಲಿ ಒಂದು ಸಲವೂ ಆಡಿರಬಾರದು. ಈ ಕಡೆಯ ಷರತ್ತಿಗೆ ಯಾವ ವಿನಾಯಿತಿಯೂ ಇಲ್ಲ. ಲಮಿನ್ ಯಮಾಲ್ ಅವರ ತಂದೆ ಮೊರಾಕೊದವರು, ತಾಯಿ ಈಕ್ವಟೋರಿಯಲ್ ಗಿನಿಯವರು. ಹದಿನಾರರ ಹರೆಯದಲ್ಲಿ, 2023ರ ಸೆಪ್ಟೆಂಬರ್‌ನಲ್ಲಿ, ಜಾರ್ಜಿಯಾ ವಿರುದ್ಧ ಸ್ಪೇನ್ ಪರ ಮೊದಲ ಪಂದ್ಯ ಆಡಿದ ಮೇಲೂ ಅವರಿಗೆ ಕಾಗದದ ಮೇಲಾದರೂ ಈ ಕಿಂಡಿ ಉಳಿದಿತ್ತು. ಯೂರೋ 2024ಕ್ಕೂ ಮೊದಲೇ ಅವರ ಪಂದ್ಯಗಳು ಮೂರನ್ನು ದಾಟಿದಾಗ ಅದು ಮುಚ್ಚಿತು; ಯೂರೋದಲ್ಲಿ ಆಡಿದ್ದು ಅದಕ್ಕೆ ಇನ್ನೊಂದು ಬೀಗವಾಯಿತು.

ಎಡಬದಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಹಾಗಾದರೆ ಬ್ರಾಹಿಮ್ ಡಿಯಾಸ್ ಅವರೂ ಈ 2020ರ ಕಿಂಡಿಯಿಂದಲೇ ಮೊರಾಕೊಗೆ ಹೋದರೇ? ಅವರು ಸ್ಪೇನ್‌ನ ಹಿರಿಯರ ತಂಡದ ಪರ ಗೋಲನ್ನೂ ಹೊಡೆದಿದ್ದಾರೆ ಎಂದು ಓದಿದ ನೆನಪು. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳ ವಿಷಯವೂ ಅರ್ಥವಾಗುತ್ತಿಲ್ಲ. ಎಲ್ಲರಿಗೂ ಒಂದೇ ಬ್ರಿಟಿಷ್ ಪಾಸ್‌ಪೋರ್ಟ್ ಇರುವಾಗ ಯಾರು ಯಾವ ತಂಡಕ್ಕೆ ಸೇರಿದವರೆಂದು ತೀರ್ಮಾನಿಸುವುದು ಹೇಗೆ?

ಮಧ್ಯರೇಖೆ (ಉತ್ತರ)

ಬ್ರಾಹಿಮ್ ಅವರಿಗೆ ಆ ಕಿಂಡಿ ಬೇಕಾಗಲೇ ಇಲ್ಲ. 2021ರ ಜೂನ್‌ನಲ್ಲಿ, ಯೂರೋ ಕೂಟಕ್ಕೆ ಕೆಲವೇ ದಿನ ಇರುವಾಗ, ನಾಯಕ ಬುಸ್ಕೆಟ್ಸ್ ಅವರಿಗೆ ಕೋವಿಡ್ ತಗುಲಿ ಸ್ಪೇನ್‌ನ ಇಡೀ ಹಿರಿಯರ ತಂಡ ಪ್ರತ್ಯೇಕವಾಸದಲ್ಲಿ ಇರಬೇಕಾಯಿತು. ಲಿಥುವೇನಿಯಾ ವಿರುದ್ಧ ನಿಗದಿಯಾಗಿದ್ದ ಸೌಹಾರ್ದ ಪಂದ್ಯವನ್ನು 21 ವರ್ಷದೊಳಗಿನವರ ತಂಡವೇ ಹಿರಿಯರ ಹೆಸರಿನಲ್ಲಿ ಆಡಿತು. ಬ್ರಾಹಿಮ್ ಗೋಲು ಹೊಡೆದದ್ದು ಅಲ್ಲಿ. ದಾಖಲೆಯಲ್ಲಿ ಅದು ಹಿರಿಯರ ಪಂದ್ಯವೇ, ಆದರೆ ಸೌಹಾರ್ದ ಪಂದ್ಯ; ಆದ್ದರಿಂದ ಅದು ಅವರನ್ನು ಕಟ್ಟಿಹಾಕಲಿಲ್ಲ. 2024ರ ಮಾರ್ಚ್‌ನಲ್ಲಿ ಅವರು ಮೊರಾಕೊ ಪರ ಆಡಿದರು. ಒಂದೇ ಮನೆಯ ವಿಲಿಯಮ್ಸ್ ಸಹೋದರರನ್ನೂ ಹೀಗೆಯೇ ನೋಡಬಹುದು. ಅಣ್ಣ ಇನಾಕಿ 2016ರಲ್ಲಿ ಸ್ಪೇನ್‌ಗೆ ಆಡಿದ್ದು ಒಂದೇ ಪಂದ್ಯ, ಅದೂ ಸೌಹಾರ್ದ ಪಂದ್ಯ. ಆರು ವರ್ಷಗಳ ನಂತರ ಅವರು ಘಾನಾ ಪರ ವಿಶ್ವಕಪ್ ಆಡಿದರು. ಅದೇ ಕೂಟದಲ್ಲಿ ತಮ್ಮ ನಿಕೊ ಸ್ಪೇನ್ ತಂಡದಲ್ಲಿದ್ದರು.

ಬ್ರಿಟನ್ನಿನ ವಿಚಾರಕ್ಕೆ ಬರೋಣ. ಒಂದೇ ಪೌರತ್ವದಿಂದ ಹಲವು ಫುಟ್‌ಬಾಲ್ ಸಂಸ್ಥೆಗಳಿಗೆ ಆಡಲು ಅವಕಾಶವಿರುವ ಕಡೆಗಳಲ್ಲಿ ಫಿಫಾ ಇನ್ನೊಂದು ಕಲಮನ್ನು ಬಳಸುತ್ತದೆ. ಆಯಾ ಸಂಸ್ಥೆಯ ನೆಲದಲ್ಲಿ ಆಟಗಾರನೋ, ಆತನ ತಂದೆತಾಯಿಯೋ, ಅಜ್ಜ ಅಜ್ಜಿಯೋ ಹುಟ್ಟಿರಬೇಕು, ಇಲ್ಲವೇ ಆತ ಅಲ್ಲಿ ನೆಲೆಸಿರಬೇಕು. ಬ್ರಿಟನ್ನಿನ ನಾಲ್ಕು ಸಂಸ್ಥೆಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು, ನೆಲೆಸುವ ಷರತ್ತಿನ ಬದಲು ಶಾಲೆಯನ್ನು ಇಟ್ಟುಕೊಂಡಿವೆ: ಹದಿನೆಂಟು ವರ್ಷ ತುಂಬುವುದರೊಳಗೆ ಐದು ವರ್ಷ ಆ ನೆಲದಲ್ಲಿ ಓದಿದ್ದರೆ ಆ ತಂಡಕ್ಕೆ ಆಡಬಹುದು. ಕ್ಲಬ್ಬುಗಳ ಗುತ್ತಿಗೆಗೆ ತಕ್ಕಂತೆ ಆಟಗಾರ ದೇಶ ಬದಲಿಸುವುದನ್ನು ತಡೆಯಲು ಇದು ಒಳ್ಳೆಯ ಉಪಾಯ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಯಾವ ಕ್ಲಬ್ಬೂ ಮೂವತ್ತರ ಆಟಗಾರನನ್ನು ಮತ್ತೆ ಶಾಲೆಗೆ ಸೇರಿಸಲಾರದು.

ರಯಾನ್ ಗಿಗ್ಸ್ ಇಂಗ್ಲೆಂಡ್‌ಗೆ ಆಡಬಹುದಿತ್ತು, ಆದರೆ ವೇಲ್ಸ್ ಮೇಲಿನ ಅಭಿಮಾನದಿಂದ ಅದನ್ನು ಬಿಟ್ಟರು ಎಂಬ ಮಾತನ್ನು ಇವತ್ತಿಗೂ ಕೇಳುತ್ತೇವೆ. ಅವರು ಇಂಗ್ಲೆಂಡ್ ಶಾಲಾ ಬಾಲಕರ ತಂಡದ ನಾಯಕರಾಗಿದ್ದದ್ದು ನಿಜ. ಆದರೆ ಆ ತಂಡಕ್ಕೆ ಆಯ್ಕೆ ನಡೆಯುತ್ತಿದ್ದದ್ದು ಶಾಲೆ ಎಲ್ಲಿದೆ ಎಂಬುದರ ಮೇಲೆ, ಪೌರತ್ವದ ಮೇಲಾಗಲಿ ವಂಶದ ಮೇಲಾಗಲಿ ಅಲ್ಲ. ಕಾರ್ಡಿಫ್‌ನಲ್ಲಿ ಹುಟ್ಟಿದ ಗಿಗ್ಸ್ ಅಂದಿನ ನಿಯಮದಂತೆ ಇಂಗ್ಲೆಂಡ್‌ನ ಹಿರಿಯರ ತಂಡಕ್ಕೆ ಅರ್ಹರೇ ಆಗಿರಲಿಲ್ಲ. ಶಾಲೆಯ ಷರತ್ತು ಬಂದದ್ದು ಅವರು ವೇಲ್ಸ್ ಪರ 64 ಪಂದ್ಯ ಆಡಿ ನಿವೃತ್ತರಾದ ಬಳಿಕ. ಇಂದಿನ ಹುಡುಗನೊಬ್ಬ ಅದೇ ಹಾದಿಯಲ್ಲಿ ಬೆಳೆದರೆ ಅವನಿಗೆ ಎರಡು ದಾರಿಗಳೂ ತೆರೆದಿರುತ್ತವೆ.

ಐರ್ಲೆಂಡ್ ದ್ವೀಪದ ಪ್ರಕರಣ ಇನ್ನೂ ಸೂಕ್ಷ್ಮವಾದದ್ದು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಡೇನಿಯಲ್ ಕರ್ನ್ಸ್ ಉತ್ತರ ಐರ್ಲೆಂಡ್‌ನ ಕಿರಿಯರ ತಂಡಗಳನ್ನು ಬಿಟ್ಟು ಗಣರಾಜ್ಯದ ತಂಡವನ್ನು ಆರಿಸಿಕೊಂಡಾಗ, ಉತ್ತರದ ಸಂಸ್ಥೆ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಗಣರಾಜ್ಯದೊಂದಿಗೆ ನೆಲದ ನಂಟಿಲ್ಲದವರು ಆ ತಂಡಕ್ಕೆ ಹೋಗುವುದು ಸರಿಯಲ್ಲ ಎಂಬುದು ಅದರ ವಾದ. 2010ರಲ್ಲಿ ನ್ಯಾಯಮಂಡಳಿ ಆಟಗಾರನ ಪರವಾಗಿ ತೀರ್ಪು ಕೊಟ್ಟಿತು: ಕರ್ನ್ಸ್‌ಗೆ ಹುಟ್ಟಿನಿಂದಲೇ ಐರಿಷ್ ಪೌರತ್ವ ಇದ್ದುದರಿಂದ ಹೊಸದಾಗಿ ಪೌರತ್ವ ಪಡೆದವರ ಷರತ್ತುಗಳು ಅವರಿಗೆ ಅನ್ವಯಿಸುವುದಿಲ್ಲ. ಡೆರಿಯ ಜೇಮ್ಸ್ ಮೆಕ್ಲೀನ್ ಅವರಂಥವರು ಬಹಿರಂಗವಾಗಿ ಗಣರಾಜ್ಯದ ತಂಡವನ್ನು ಆರಿಸಿಕೊಳ್ಳಲು ಸಾಧ್ಯವಾದದ್ದು ಈ ನೆಲೆಯ ಮೇಲೆಯೇ.

ಹನ್ನೆರಡನೇ ಆಟಗಾರ (ಉತ್ತರ)

ಆಫ್‌ಸೈಡ್ ಮತ್ತು ಮಧ್ಯರೇಖೆ ಇಬ್ಬರೂ ನಿಯಮವನ್ನು ಸರಿಯಾಗಿಯೇ ವಿವರಿಸಿದ್ದಾರೆ. ಆದರೆ ಅವರ ಬರಹ ಓದಿದವರಿಗೆ, ಆಟಗಾರ ದೇಶವನ್ನು ಆರಿಸಿಕೊಳ್ಳುತ್ತಾನೆ ಎಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಬಹಳ ಸಲ ಆರಿಸುವುದು ತರಬೇತುದಾರನ ಬದಲಾವಣೆಯ ಪಟ್ಟಿ. ಹತ್ತೊಂಬತ್ತರ ಹುಡುಗನನ್ನು ಗೆದ್ದಾಗಿರುವ ಅರ್ಹತಾ ಪಂದ್ಯದ ಕೊನೆಯ ಹತ್ತು ನಿಮಿಷಕ್ಕೆ ಇಳಿಸುವುದರಿಂದ ತಂಡಕ್ಕೆ ಆ ದಿನ ಆಗುವ ಲಾಭ ಏನೂ ಇಲ್ಲ. ಅದರ ಫಲ ಎದುರಾಳಿಯ ಮೇಲೆ ಕಾಣುವುದಿಲ್ಲ, ಆ ಹುಡುಗನ ಮೇಲೆ ಕಣ್ಣಿಟ್ಟಿರುವ ಮತ್ತೊಂದು ಸಂಸ್ಥೆಯ ಮೇಲೆ ಕಾಣುತ್ತದೆ. 2018ರಲ್ಲಿ ಯುರೋಪಿನಲ್ಲಿ ನೇಷನ್ಸ್ ಲೀಗ್ ಬಂದ ಮೇಲೆ ಸೌಹಾರ್ದ ಪಂದ್ಯಗಳು ಕಡಿಮೆಯಾಗಿ, ಒಂದು ಕಾಲದಲ್ಲಿ ನಿರಪಾಯವಾಗಿದ್ದ ಚೊಚ್ಚಲ ಪಂದ್ಯವೇ ಈಗ ಗಂಟು ಹಾಕುವ ಪಂದ್ಯವಾಗಿದೆ. ಸ್ಪೇನ್ ಮುನಿರ್ ಅವರನ್ನು ಬೇಕೆಂದೇ ಕಟ್ಟಿಹಾಕಿತು ಎಂದು ನಾನು ಹೇಳುತ್ತಿಲ್ಲ. ಆ ಉದ್ದೇಶವನ್ನು ಹೊರಗಿನಿಂದ ಸಾಬೀತು ಮಾಡಲಾಗದು. ಸಾಬೀತು ಮಾಡಲಾಗದ ಕಾರಣಕ್ಕೇ ಮೂರು ಪಂದ್ಯಗಳ ವಿನಾಯಿತಿ ಬೇಕಾಗಿತ್ತು ಎಂಬುದು ನನ್ನ ವಾದ.

ಇತಿಹಾಸದತ್ತ ಒಮ್ಮೆ ತಿರುಗಿ ನೋಡಿದರೆ ಇಂದಿನ ಬಿಗಿ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ಲೂಯಿಸ್ ಮಾಂಟಿ 1930ರ ವಿಶ್ವಕಪ್ ಫೈನಲ್ ಅನ್ನು ಅರ್ಜೆಂಟೀನಾ ಪರವಾಗಿ, 1934ರ ಫೈನಲ್ ಅನ್ನು ಇಟಲಿ ಪರವಾಗಿ ಆಡಿದವರು. ಹಂಗೆರಿಗೆ 85 ಪಂದ್ಯಗಳಲ್ಲಿ 84 ಗೋಲು ಹೊಡೆದ ಪುಷ್ಕಾಷ್ 1962ರ ವಿಶ್ವಕಪ್‌ನಲ್ಲಿ ಸ್ಪೇನ್ ಪರ ಕಾಣಿಸಿಕೊಂಡರು; 1958ರಲ್ಲಿ ಬ್ರೆಜಿಲ್‌ನೊಂದಿಗೆ ವಿಶ್ವಕಪ್ ಗೆದ್ದ ಅಲ್ತಾಫಿನಿ ಅದೇ 1962ರಲ್ಲಿ ಇಟಲಿಯವರಾಗಿದ್ದರು. ಈ ಬಗೆಯ ಓಡಾಟ ಹೆಚ್ಚಾದ ಮೇಲೆ ಫಿಫಾ ಬಾಗಿಲನ್ನು ಪೂರ್ತಿ ಮುಚ್ಚಿತು. ಅದು ಮತ್ತೆ ಅರೆತೆರೆದದ್ದು 2004ರಲ್ಲಿ, ಅದೂ ಕಿರಿಯರ ತಂಡದಲ್ಲಷ್ಟೇ ಆಡಿದ, 21 ತುಂಬದ ಆಟಗಾರರಿಗೆ ಮಾತ್ರ. 2009ರಲ್ಲಿ ಬಹಾಮಾಸ್‌ನಲ್ಲಿ ಸೇರಿದ ಮಹಾಸಭೆ ಅರ್ಜಿಗಿದ್ದ ಆ ವಯಸ್ಸಿನ ಮಿತಿಯನ್ನು ತೆಗೆದುಹಾಕಿತು. ಅದರ ಹಿಂದೆ ಅಲ್ಜೀರಿಯಾದ ಒತ್ತಾಯವಿತ್ತು. ಮರುವರ್ಷದ ವಿಶ್ವಕಪ್‌ಗೆ ಹೋದ ಅಲ್ಜೀರಿಯಾ ತಂಡದ ಬಹುಪಾಲು ಆಟಗಾರರು ಫ್ರಾನ್ಸ್‌ನಲ್ಲಿ ಹುಟ್ಟಿದವರು.

2020ರ ಬದಲಾವಣೆಗೆ ಚಾಲನೆ ಕೊಟ್ಟದ್ದು ಕೇಪ್ ವರ್ಡೆ. ಅಟ್ಲಾಂಟಿಕ್ ಸಾಗರದ ಆ ಪುಟ್ಟ ದ್ವೀಪದೇಶದ ಜನ ತಲೆಮಾರುಗಳಿಂದ ಪೋರ್ಚುಗಲ್, ನೆದರ್ಲೆಂಡ್ಸ್, ಫ್ರಾನ್ಸ್‌ಗಳಿಗೆ ಕೆಲಸ ಅರಸಿ ಹೋದವರು. ಹೀಗೆ ಚದುರಿಹೋದವರ ಮಕ್ಕಳನ್ನು ಹುಡುಕುವ ಕೆಲಸ ಹೇಗಿರುತ್ತದೆಂಬುದಕ್ಕೆ ರಾಬರ್ಟೊ ‘ಪೀಕೊ’ ಲೋಪೆಸ್ ಅವರ ಪ್ರಸಂಗವನ್ನು ನೋಡಬೇಕು. ಡಬ್ಲಿನ್‌ನಲ್ಲಿ ಹುಟ್ಟಿ ಬೆಳೆದು, ಅಲ್ಲಿನ ಶಾಮ್‌ರಾಕ್ ರೋವರ್ಸ್‌ಗೆ ಆಡುತ್ತಿದ್ದ ಈ ರಕ್ಷಣಾ ಆಟಗಾರನಿಗೆ ಕೇಪ್ ವರ್ಡೆಯ ಅಂದಿನ ತರಬೇತುದಾರ ರುಯಿ ಅಗ್ವಾಸ್ ಲಿಂಕ್ಡ್‌ಇನ್‌ನಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಸಂದೇಶ ಕಳಿಸಿದರು. ಭಾಷೆ ಬಾರದ ಲೋಪೆಸ್ ಅದನ್ನು ಯಾವುದೋ ಬೇಡದ ಸಂದೇಶವೆಂದು ಹಾಗೆಯೇ ಬಿಟ್ಟರು. ತಿಂಗಳುಗಳು ಕಳೆದ ಮೇಲೆ ಇಂಗ್ಲಿಷ್‌ನಲ್ಲಿ ಇನ್ನೊಂದು ಸಂದೇಶ ಬಂದಾಗಲಷ್ಟೇ ಅದು ರಾಷ್ಟ್ರೀಯ ತಂಡದ ಕರೆ ಎಂಬುದು ಅವರಿಗೆ ತಿಳಿದದ್ದು. 2025ರ ಅಕ್ಟೋಬರ್‌ನಲ್ಲಿ ಕೇಪ್ ವರ್ಡೆ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆದಾಗ ಲೋಪೆಸ್ ಆ ತಂಡದಲ್ಲಿದ್ದರು.

ಅದರ ಮರುತಿಂಗಳೇ ಅರ್ಹತೆ ಗಳಿಸಿದ ಕೆರಿಬಿಯನ್ ದ್ವೀಪ ಕುರಸಾವ್‌ನ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಅದು ನೆದರ್ಲೆಂಡ್ಸ್ ಸಾಮ್ರಾಜ್ಯದ ಭಾಗವಾದ್ದರಿಂದ ಮಧ್ಯರೇಖೆಯವರು ಹೇಳಿದ ಕಲಮೇ ಅಲ್ಲೂ ಅನ್ವಯಿಸುತ್ತದೆ: ಎಲ್ಲರದೂ ಡಚ್ ಪೌರತ್ವ, ದ್ವೀಪದ ನಂಟನ್ನು ತೋರಿಸುವುದು ತಂದೆತಾಯಿ, ಅಜ್ಜ ಅಜ್ಜಿಯರ ಜನನ. ತಂಡದಲ್ಲಿ ಸ್ವತಃ ದ್ವೀಪದಲ್ಲಿ ಹುಟ್ಟಿದವರು ತಾಹಿತ್ ಚಾಂಗ್ ಒಬ್ಬರೇ. ಇದನ್ನು ನೋಡಿ ‘ಇದು ಎರಡನೇ ಡಚ್ ತಂಡ’ ಎಂದು ಹೀಯಾಳಿಸುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. 2022ರಲ್ಲಿ ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊರಾಕೊದ 26 ಆಟಗಾರರಲ್ಲಿ 14 ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಹಕೀಮಿ ಮ್ಯಾಡ್ರಿಡ್‌ನವರು, ಜಿಯೆಶ್ ಮತ್ತು ಅಮ್ರಾಬತ್ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದವರು, ಗೋಲ್‌ಕೀಪರ್ ಬೋನೊ ಮಾಂಟ್ರಿಯಲ್‌ನವರು. ಅವರ ಮನೆಮಾತನ್ನೂ ಬೇಸಿಗೆ ರಜೆಗಳನ್ನೂ ಅಳೆಯುವ ಕೋಲು ಫಿಫಾ ಬಳಿ ಇಲ್ಲ, ಇರಬಾರದು ಕೂಡ.

ಎಡಬದಿ

ಹನ್ನೆರಡನೇ ಆಟಗಾರರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಆಕ್ಷೇಪವಿದೆ. ಅಜ್ಜ ಅಜ್ಜಿ ಹುಟ್ಟಿದ ಊರು ಮಾತ್ರ ಸಾಕೆಂದಾದರೆ, ಆ ಕಾಗದವನ್ನು ಪರಿಶೀಲಿಸುವವರು ಯಾರು? ಎಂಬತ್ತು ವರ್ಷ ಹಿಂದಿನ ಜನನ ದಾಖಲೆಯನ್ನು ತಿದ್ದುವುದು ಅಷ್ಟೇನೂ ಕಷ್ಟವಲ್ಲ.

ಆಫ್‌ಸೈಡ್

ತಾವು ಹೇಳಿದ ಅಪಾಯ ಈಗಾಗಲೇ ನಿಜವಾಗಿದೆ. 2025ರ ಜೂನ್‌ನಲ್ಲಿ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಮಲೇಷ್ಯಾ ವಿಯೆಟ್ನಾಂ ತಂಡವನ್ನು 4–0ಯಿಂದ ಸೋಲಿಸಿತು. ಹೊಸದಾಗಿ ಪೌರತ್ವ ಪಡೆದ ಹಲವು ಆಟಗಾರರು ಆ ತಂಡದಲ್ಲಿದ್ದರು, ಅವರ ಅಜ್ಜ ಅಜ್ಜಿಯರು ಮಲೇಷ್ಯಾದಲ್ಲಿ ಹುಟ್ಟಿದವರೆಂದು ದಾಖಲೆಗಳು ಹೇಳುತ್ತಿದ್ದವು. ದೂರು ಬಂದ ಮೇಲೆ ಫಿಫಾ ಮಲೇಷ್ಯಾದ ಪ್ರತಿಗಳನ್ನು ನೆಚ್ಚಿಕೊಳ್ಳದೆ ನೇರವಾಗಿ ಮೂಲ ದಾಖಲೆಗಳನ್ನು ತರಿಸಿತು. ಒಬ್ಬ ಆಟಗಾರನ ಪರವಾಗಿ ಸಲ್ಲಿಸಿದ ಪ್ರತಿಯಲ್ಲಿ ಮಲೇಷ್ಯಾದ ಊರಿನ ಹೆಸರು ಇದ್ದ ಜಾಗದಲ್ಲಿ, ಮೂಲದಲ್ಲಿ ಅರ್ಜೆಂಟೀನಾದ ಸಾಂತಾ ಫೆ ಪ್ರಾಂತ್ಯದ ಊರು ಇತ್ತು; ಇತರ ಕೆಲವರ ಮೂಲಗಳು ಬ್ರೆಜಿಲ್, ಸ್ಪೇನ್, ನೆದರ್ಲೆಂಡ್ಸ್‌ಗಳಲ್ಲಿ ಸಿಕ್ಕವು. ಸೆಪ್ಟೆಂಬರ್‌ನಲ್ಲಿ ಫಿಫಾದ ಶಿಸ್ತು ಸಮಿತಿ ಏಳು ಆಟಗಾರರನ್ನು ಹನ್ನೆರಡು ತಿಂಗಳು ಅಮಾನತು ಮಾಡಿ, ಮಲೇಷ್ಯಾದ ಸಂಸ್ಥೆಗೆ 3,50,000 ಸ್ವಿಸ್ ಫ್ರಾಂಕ್ ದಂಡ ವಿಧಿಸಿತು. ಇದಕ್ಕೆ ಕೆಲವು ವರ್ಷ ಮೊದಲು ಬ್ರೆಜಿಲ್ ಆಟಗಾರರಿಗೆ ಸುಳ್ಳು ದಾಖಲೆ ಮಾಡಿಸಿ ಆಡಿಸಿದ ಟಿಮೋರ್ ಲೆಸ್ತೆಯನ್ನು ಏಷ್ಯಾದ ಫುಟ್‌ಬಾಲ್ ಒಕ್ಕೂಟ 2023ರ ಏಷ್ಯಾ ಕಪ್‌ನಿಂದಲೇ ಹೊರಗಿಟ್ಟಿತ್ತು.

ಆದರೆ ದೂರು ಬಂದ ಪ್ರತಿಯೊಂದು ಪ್ರಕರಣವೂ ಮೋಸದ್ದಾಗಿರುವುದಿಲ್ಲ. 2019ರ ಏಷ್ಯಾ ಕಪ್‌ನಲ್ಲಿ ಒಂಬತ್ತು ಗೋಲು ಹೊಡೆದ ಕತಾರ್‌ನ ಅಲ್ಮೋಯಿಜ್ ಅಲಿ ಅವರ ಅರ್ಹತೆಯನ್ನು ಸಂಯುಕ್ತ ಅರಬ್ ಎಮಿರೇಟ್ಸ್ ಪ್ರಶ್ನಿಸಿತು. ಒಕ್ಕೂಟ ಆ ದೂರನ್ನು ಫೈನಲ್ ನಡೆಯುವ ದಿನವೇ ತಳ್ಳಿಹಾಕಿತು.

ದಾಖಲೆ ನಿಜವಿದ್ದೂ ವಯಸ್ಸಿನ ಷರತ್ತಿನಲ್ಲಿ ಸಿಕ್ಕಿಬೀಳುವವರೂ ಇದ್ದಾರೆ. ಇಂಡೋನೇಷ್ಯಾ ತಂಡದ ಗೋಲ್‌ಕೀಪರ್ ಮಾರ್ಟೆನ್ ಪಾಸ್ ಅವರ ಅಜ್ಜಿ ಪೂರ್ವ ಜಾವಾದಲ್ಲಿ ಹುಟ್ಟಿದವರು, ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ವಯಸ್ಕರ ಎರಡು ಪೌರತ್ವವನ್ನು ಇಂಡೋನೇಷ್ಯಾ ಒಪ್ಪದ ಕಾರಣ, ಅಲ್ಲಿಗೆ ಆಡಲು ಹೋಗುವ ಡಚ್ ಆಟಗಾರರು ಯುರೋಪಿನ ಪಾಸ್‌ಪೋರ್ಟನ್ನೇ ಬಿಟ್ಟುಕೊಡಬೇಕಾಗುತ್ತದೆ. ಭಾರತ, ಚೀನಾಗಳ ಕಾನೂನೂ ಹೀಗೆಯೇ ಇದೆ. ಹಾಗಾಗಿ ಪಾಸ್ ಅವರಿಗೆ ಇಂಡೋನೇಷ್ಯಾದ ಪೌರತ್ವ ಮೊದಲೇ ಇರಲು ಸಾಧ್ಯವಿರಲಿಲ್ಲ. ಮೊದಲೇ ಪೌರತ್ವ ಇಲ್ಲದವರು ಕಿರಿಯರ ಕೊನೆಯ ಅಧಿಕೃತ ಪಂದ್ಯವನ್ನು 21 ತುಂಬುವ ಮೊದಲೇ ಆಡಿರಬೇಕು. ಪಾಸ್ ನೆದರ್ಲೆಂಡ್ಸ್‌ನ 21 ವರ್ಷದೊಳಗಿನವರ ತಂಡಕ್ಕೆ ಆಡಿದಾಗ ಅವರಿಗೆ 22. ಕೂಟ ಆರಂಭವಾಗುವ ಹೊತ್ತಿನ ವಯಸ್ಸನ್ನು ಲೆಕ್ಕಕ್ಕೆ ಹಿಡಿಯುವುದರಿಂದ ಆ ತಂಡಗಳಲ್ಲಿ ಹೀಗಾಗುವುದು ಅಪರೂಪವೇನಲ್ಲ. ಫಿಫಾ ತಡೆದರೂ ಕ್ರೀಡಾ ನ್ಯಾಯಮಂಡಳಿ 2024ರ ಆಗಸ್ಟ್‌ನಲ್ಲಿ ಅವರಿಗೆ ಅನುಮತಿ ನೀಡಿತು. ಮರುತಿಂಗಳು ಜೆಡ್ಡಾದಲ್ಲಿ ಸೌದಿ ಅರೇಬಿಯಾ ವಿರುದ್ಧ ಆಡಿದ ಮೊದಲ ಪಂದ್ಯದಲ್ಲೇ ಅವರು ಪೆನಾಲ್ಟಿ ಒದೆತವನ್ನು ತಡೆದು, ಪಂದ್ಯ 1–1ರಲ್ಲಿ ಸಮವಾಗಲು ಕಾರಣರಾದರು.

ಇನ್ನೊಂದು ವಿಷಯವನ್ನು ಯಾರೂ ಪ್ರಸ್ತಾಪಿಸಲಿಲ್ಲವಾದ್ದರಿಂದ ಸೇರಿಸುತ್ತೇನೆ. ಈ ಬದಲಾವಣೆ ತಾನಾಗಿ ಆಗುವುದಿಲ್ಲ. ಫಿಫಾಗೆ ಲಿಖಿತ ಅರ್ಜಿ ಹೋಗಬೇಕು, ಒಪ್ಪಿಗೆ ಬರಬೇಕು. ಅರ್ಜಿ ಸಲ್ಲಿಸಿದ ಕ್ಷಣದಿಂದ ತೀರ್ಮಾನ ಬರುವವರೆಗೆ ಆಟಗಾರ ಎರಡರಲ್ಲಿ ಯಾವ ದೇಶಕ್ಕೂ ಆಡುವಂತಿಲ್ಲ. ಸ್ಪೇನ್‌ನ ಕಿರಿಯರ ತಂಡಗಳಿಂದ ಬಂದ ಎಮಿಲಿಯೊ ಎನ್ಸುಯೆ 2013ರಿಂದ ಈಕ್ವಟೋರಿಯಲ್ ಗಿನಿಗೆ ಆಡುತ್ತಿದ್ದರು. 2024ರ ಆರಂಭದಲ್ಲಿ ನಡೆದ ಆಫ್ರಿಕಾ ಕಪ್‌ನಲ್ಲಿ ಐದು ಗೋಲು ಹೊಡೆದು ಅತಿ ಹೆಚ್ಚು ಗೋಲು ಗಳಿಸಿದವರಾದರು. ಕೆಲವೇ ತಿಂಗಳಲ್ಲಿ ಫಿಫಾ, ಅವರ ಬದಲಾವಣೆಗೆ ಒಪ್ಪಿಗೆಯೇ ಸಿಕ್ಕಿರಲಿಲ್ಲ ಎಂದು ಹೇಳಿ ಆರು ತಿಂಗಳು ಅಮಾನತು ಮಾಡಿತು. ನಮೀಬಿಯಾ ಮತ್ತು ಲೈಬೀರಿಯಾ ವಿರುದ್ಧ ತಂಡ ಗೆದ್ದಿದ್ದ ವಿಶ್ವಕಪ್ ಅರ್ಹತಾ ಪಂದ್ಯಗಳನ್ನೂ ಸೋತವೆಂದು ಘೋಷಿಸಿತು.

ಎಡಬದಿ

ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ. ಹೀಗೆ ದೇಶ ಬದಲಿಸಿದವರು ಮನಸ್ಸು ಬದಲಾದರೆ ಹಿಂದಿರುಗಬಹುದೇ?

ಮಧ್ಯರೇಖೆ

ಬದಲಾವಣೆಗೆ ಅನುಮತಿ ಸಿಕ್ಕಿದ್ದರೂ ಹೊಸ ತಂಡಕ್ಕೆ ಒಂದು ಪಂದ್ಯವನ್ನೂ ಆಡಿರದಿದ್ದರೆ, ಮೊದಲಿನ ದೇಶದ ಪೌರತ್ವವನ್ನು ಇನ್ನೂ ಉಳಿಸಿಕೊಂಡಿದ್ದರೆ, ಹಳೆಯ ಸಂಸ್ಥೆಗೆ ಮರಳಲು ಅರ್ಜಿ ಸಲ್ಲಿಸಬಹುದು. ಒಮ್ಮೆ ಹೊಸ ತಂಡದ ಪರ ಕಣಕ್ಕಿಳಿದ ಮೇಲೆ ಆ ಅವಕಾಶವೂ ಇರುವುದಿಲ್ಲ.